ಹದ್ದು ಮೀರಿದ್ದನ್ನು ಪೇಲವ ಎಂದು ಬರೆದರೆ ಹೇಗೆ?

ಮಾನ್ಯ ಸಂಪಾದಕರೇ,

ಕಳೆದ ಗುರುವಾರ ನಿಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಯಾವುದೋ ದೇಶದ ಮಂತ್ರಿ ಸಂಸತ್ತಿನಲ್ಲಿ ಒರಟಾಗಿ ಮಾತಾಡಿದ್ದಾರೆ, ಅದಕ್ಕೆ ವಿರೋಧ ಪಕ್ಷದವರು ಸಿಟ್ಟಾಗಿದ್ದಾರೆ. ಅಷ್ಟೇ ಸುದ್ದಿ. ಆದರೆ ಕೊನೆಯ ಸಾಲು ಹೀಗಿತ್ತು: 'ಮಂತ್ರಿಯ ಈ ಮಾತು ಪೇಲವವನ್ನೂ ಮೀರಿದ್ದು ಎಂದು ಅವರು ಕಿಡಿಕಾರಿದರು.'

ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಸಲ ಓದಿದೆ. ಪೇಲವವನ್ನು ಮೀರುವುದು ಅಂದರೇನು? ಪೇಲವಕ್ಕಿಂತ ಪೇಲವವೋ, ಇಲ್ಲ ಪೇಲವ ಅಲ್ಲವೇ ಅಲ್ಲ ಎಂದೋ? ಕಿಡಿಕಾರುವಷ್ಟು ಸಿಟ್ಟು ಬಂದವರು ಪೇಲವದ ಮಾತೇಕೆ ಆಡುತ್ತಾರೆ? ಆಮೇಲೆ ಹೊಳೆಯಿತು. ಮೂಲ ಇಂಗ್ಲಿಷಿನಲ್ಲಿ 'ಬಿಯಾಂಡ್ ದ ಪೇಲ್' ಎಂದು ಇದ್ದಿರಬೇಕು. ಅನುವಾದ ಮಾಡಿದವರೋ, ಅನುವಾದ ಮಾಡಿದ ಯಂತ್ರವೋ, 'ಪೇಲ್' ಅಂದರೆ ಪೇಲವ, 'ಬಿಯಾಂಡ್' ಅಂದರೆ ಮೀರಿದ್ದು ಎಂದು ಕೂಡಿಸಿ ಕೈತೊಳೆದುಕೊಂಡಿದ್ದಾರೆ.

ನಾನು ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ 31 ವರ್ಷ ಕರಡಚ್ಚು ತಿದ್ದಿದವನು. ನಿವೃತ್ತಿಯಾಗಿ ಬಹಳ ದಿನವಾಯಿತು, ಕೆಂಪು ಪೆನ್ನು ಮಾತ್ರ ಜೇಬಿನಿಂದ ಹೋಗಿಲ್ಲ. ಮನೆಯವಳು ಬೈಯುತ್ತಾಳೆ, ಮದುವೆ ಕರೆಯೋಲೆಯನ್ನೂ ತಿದ್ದಿ ಇಡುತ್ತೀರಲ್ಲ ಎಂದು. ಹಾಗಾಗಿ ಇದನ್ನು ಸಿಟ್ಟಿನ ಪತ್ರ ಅಂದುಕೊಳ್ಳಬೇಡಿ, ಚಟದ ಪತ್ರ ಅಂದುಕೊಳ್ಳಿ. ಆದರೆ ಈ ಒಂದು ಪದ ನೋಡಲು ಚಿಕ್ಕದು, ಅದರ ಹಿಂದೆ ಹೋದರೆ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತದೆ. ಸ್ವಲ್ಪ ಜಾಗ ಕೊಡಿ.

ಮೊದಲ ವಿಷಯ. ಇಂಗ್ಲಿಷಿನಲ್ಲಿ 'ಪೇಲ್' ಎಂಬ ಪದ ಒಂದಲ್ಲ, ಎರಡು. ಅಕ್ಷರ ಅವೇ ನಾಲ್ಕು, ಉಚ್ಚಾರವೂ ಅದೇ, ಆದರೆ ಒಂದಕ್ಕೊಂದು ನೆಂಟಸ್ತನವೇ ಇಲ್ಲ. ಬಣ್ಣ ಕಳೆದುಕೊಂಡ, ಬಿಳಿಚಿದ ಎನ್ನುವ ಪೇಲ್ ಲ್ಯಾಟಿನ್ನಿನ 'ಪಾಲ್ಲಿಡುಸ್' ಎಂಬ ಪದದಿಂದ ಫ್ರೆಂಚಿಗೆ ಬಂದು, ಅಲ್ಲಿಂದ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಸೇರಿತು. ಇನ್ನೊಂದು ಪೇಲ್ ಅಂದರೆ ನೆಲಕ್ಕೆ ಹೂಳುವ ಗೂಟ. ಅದು ಲ್ಯಾಟಿನ್ನಿನ 'ಪಾಲುಸ್' ಎಂಬ ಬೇರೆ ಪದದಿಂದ ಬಂದದ್ದು. ಒಂದು ಗೂಟ, ಆಮೇಲೆ ಗೂಟಗಳ ಸಾಲು, ಆಮೇಲೆ ಬೇಲಿ, ಆಮೇಲೆ ಬೇಲಿಯ ಒಳಗಿನ ಜಾಗ, ಕೊನೆಗೆ ಎಲ್ಲೆ. ಹೀಗೆ ಅರ್ಥ ಒಂದೊಂದೇ ಹೆಜ್ಜೆ ಇಟ್ಟುಕೊಂಡು ಹೋಗಿದೆ. 'ಬಿಯಾಂಡ್ ದ ಪೇಲ್' ಅಂದರೆ ಬೇಲಿಯ ಆಚೆಗಿನದು, ಎಲ್ಲೆ ದಾಟಿದ್ದು. ಬಣ್ಣಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ.

ನಮ್ಮ ಬೀದಿಯ ಲೈಟ್ ಕಂಬವನ್ನು ಲೈನ್‌ಮನ್‌ಗಳು 'ಪೋಲು' ಅನ್ನುತ್ತಾರಲ್ವಾ, ಆ ಪೋಲ್ ಕೂಡ ಇದೇ ಗೂಟದ ಮನೆತನದ್ದು. ಶೂಲಕ್ಕೇರಿಸುವುದಕ್ಕೆ ಇಂಗ್ಲಿಷಿನಲ್ಲಿ 'ಇಂಪೇಲ್' ಅನ್ನುತ್ತಾರೆ, ಅದರೊಳಗೂ ಇದೇ ಗೂಟ. ಇನ್ನೂ ತಮಾಷೆಯ ಒಂದು ನೆಂಟ ಇದ್ದಾನೆ. ಲ್ಯಾಟಿನ್ನಿನಲ್ಲಿ 'ತ್ರಿಪಾಲಿಯಂ' ಎಂದರೆ ಮೂರು ಗೂಟ ಸೇರಿಸಿ ಮಾಡಿದ, ಜನರನ್ನು ಕಟ್ಟಿ ಹಿಂಸಿಸುವ ಸಾಧನ. ಅದರಿಂದ ಫ್ರೆಂಚಿನಲ್ಲಿ ಕಷ್ಟದ ಕೆಲಸಕ್ಕೆ ಒಂದು ಪದ ಹುಟ್ಟಿತು, ಅದೇ ಇಂಗ್ಲಿಷಿಗೆ ಬಂದು ದಾರಿ ಸವೆಸುವ ಕಷ್ಟವಾಗಿ 'ಟ್ರಾವೆಲ್' ಆಯಿತು. ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನೊಳಗೆ ನಿಂತವರಿಗೆ ಈ ವ್ಯುತ್ಪತ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಬೇಲಿಯ ಪೇಲ್ ಬರೀ ತೋಟದ ಬೇಲಿಯಾಗಿ ಉಳಿಯಲಿಲ್ಲ. ಐರ್ಲೆಂಡಿನಲ್ಲಿ ಡಬ್ಲಿನ್ ಸುತ್ತಮುತ್ತ ಇಂಗ್ಲಿಷರ ಆಳ್ವಿಕೆ ನಿಜಕ್ಕೂ ನಡೆಯುತ್ತಿದ್ದ ಜಾಗವನ್ನು 'ದ ಪೇಲ್' ಎಂದೇ ಕರೆಯುತ್ತಿದ್ದರು. ಡಬ್ಲಿನ್, ಮೀತ್, ಲೌತ್, ಕಿಲ್ಡೇರ್ ಕೌಂಟಿಗಳ ಭಾಗಗಳು ಅದರಲ್ಲಿದ್ದವು. 15ನೇ ಶತಮಾನದ ಕೊನೆಗೆ, ಅದರ ಗಡಿಯುದ್ದಕ್ಕೂ ಆರಡಿ ಎತ್ತರದ ಮಣ್ಣಿನ ದಿಬ್ಬವನ್ನು ಎರಡು ಸಾಲಾಗಿ ಹಾಕಬೇಕೆಂದು ಅಲ್ಲಿನ ಪಾರ್ಲಿಮೆಂಟು ಕಾನೂನನ್ನೇ ಮಾಡಿತು. ದನ ಕದಿಯಲು ಬರುವವರನ್ನು ತಡೆಯುವುದಕ್ಕೆ. ಫ್ರಾನ್ಸಿನ ಕಡಲತೀರದ ಕಲೇ ಊರು 1347ರಿಂದ 1558ರವರೆಗೆ ಇಂಗ್ಲಿಷರ ಕೈಯಲ್ಲಿತ್ತು, ಅದರ ಸುತ್ತಲಿನ ಸೀಮೆಯೂ ಒಂದು ಪೇಲ್ ಆಗಿತ್ತು. ರಷ್ಯಾದ್ದು ಇವೆಲ್ಲಕ್ಕಿಂತ ದುಃಖದ ಕಥೆ. 1791ರಲ್ಲಿ ರಾಣಿ ಕ್ಯಾಥರೀನಳ ಆಜ್ಞೆಯಿಂದ ಶುರುವಾಗಿ 1917ರವರೆಗೂ, ಯಹೂದಿಗಳು ಸಾಮ್ರಾಜ್ಯದ ಪಶ್ಚಿಮದ ಒಂದು ಪಟ್ಟಿಯಲ್ಲಿ ಮಾತ್ರ ಇರಬೇಕು, ಅದರಾಚೆ ನೆಲೆಸುವ ಹಾಗಿಲ್ಲ ಎಂಬ ಕಟ್ಟಳೆ ಇತ್ತು. 19ನೇ ಶತಮಾನದ ಕೊನೆಗೆ ಸುಮಾರು 50 ಲಕ್ಷ ಜನ ಆ ಗೆರೆಯೊಳಗೇ ಬದುಕುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ 'ಪೇಲ್ ಆಫ್ ಸೆಟಲ್‌ಮೆಂಟ್' ಎಂದು ಹೆಸರು. ಇದನ್ನು 'ವಸಾಹತಿನ ಪೇಲವ' ಎಂದು ಯಂತ್ರ ಅನುವಾದಿಸುವ ದಿನವೂ ಬಂದೀತು, ಈಗಲೇ ಹೇಳಿಟ್ಟಿದ್ದೇನೆ.

ಬೆಂಗಳೂರಿನವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ನಮ್ಮೂರಿನಲ್ಲೂ ಒಂದು ಪೇಲ್ ಇತ್ತು, ಹೆಸರು ಮಾತ್ರ ಬೇರೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಅತ್ತ ಕಡೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಕಡೆ ಬೀಡುಬಿಟ್ಟು ಬೆಳೆಸಿದ ದಂಡು ಇತ್ತ ಕಡೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ವಾಪಸು ಕೊಟ್ಟಾಗಲೂ ದಂಡನ್ನು ಕೊಡಲಿಲ್ಲ, ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ತಮ್ಮಲ್ಲೇ ಇಟ್ಟುಕೊಂಡರು. ಊರು ಒಂದೇ, ನಡುವೆ ಕಬ್ಬನ್ ಪಾರ್ಕು, ಆಚೆ ಬೇರೆ ಸರ್ಕಾರ, ಈಚೆ ಬೇರೆ ಸರ್ಕಾರ, ಪೊಲೀಸೂ ಬೇರೆ, ಮುನಿಸಿಪಾಲಿಟಿಯೂ ಬೇರೆ. 1947ರಲ್ಲಿ ಅದು ಮೈಸೂರಿಗೆ ಮರಳಿತು, 1949ರಲ್ಲಿ ಎರಡೂ ಮುನಿಸಿಪಾಲಿಟಿ ಸೇರಿ ಒಂದು ಕಾರ್ಪೊರೇಷನ್ ಆಯಿತು. ನಮ್ಮಪ್ಪ ಅವೆನ್ಯೂ ರಸ್ತೆಯಿಂದ ಎಂ.ಜಿ. ರಸ್ತೆಗೆ ಹೊರಡುವಾಗ ಕೊನೆಯವರೆಗೂ 'ದಂಡಿಗೆ ಹೋಗಿ ಬರ್ತೀನಿ' ಎಂದೇ ಹೇಳುತ್ತಿದ್ದರು, ಪರದೇಶಕ್ಕೆ ಹೊರಟವರ ಹಾಗೆ, ಇಸ್ತ್ರಿ ಶರ್ಟು ಹಾಕಿಕೊಂಡು. ಈಗಲೂ ಕಂಟೋನ್ಮೆಂಟ್ ರೈಲು ನಿಲ್ದಾಣದ ಹಲಗೆಯಲ್ಲಿ ಕನ್ನಡದಲ್ಲಿ 'ಬೆಂಗಳೂರು ದಂಡು' ಎಂದೇ ಇದೆ. ಬೇಲಿ ಹೋಗಿದೆ, ಹೆಸರು ನಿಂತಿದೆ.

ಸರಿ, ಹಾಗಾದರೆ ಆ ಸಾಲನ್ನು ಹೇಗೆ ಬರೆಯಬೇಕಿತ್ತು? ಇಲ್ಲೇ ನನಗೆ ಬೇಜಾರಾಗಿದ್ದು. ಕನ್ನಡದಲ್ಲಿ ಇದಕ್ಕೆ ಪದ ಇಲ್ಲ ಎಂದಾದರೆ ಹೋಗಲಿ ಅನ್ನಬಹುದಿತ್ತು. ಎಲ್ಲೆ ಮೀರಿದ ಮಾತು. ಮೇರೆ ಮೀರಿದ ಮಾತು. ಮಿತಿ ದಾಟಿದ ಮಾತು. ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವುದು ಹದ್ದು ಮೀರಿದ ಮಾತು. ಈ ಹದ್ದು ಅರಬ್ಬಿಯಿಂದ ಬಂದದ್ದು, ಅಲ್ಲಿ 'ಹದ್' ಅಂದರೆ ಎಲ್ಲೆ. ನಮ್ಮ ಕಂದಾಯ ಇಲಾಖೆಯವರು ಜಮೀನು ಅಳೆದು ಗಡಿ ಗುರುತಿಸುವುದಕ್ಕೆ ಇವತ್ತಿಗೂ 'ಹದ್ದುಬಸ್ತು' ಎಂದೇ ಬರೆಯುತ್ತಾರೆ. ಸರ್ವೇಯರು ಬಂದು, ಸರಪಳಿ ಎಳೆದು, ಮೂಲೆಗೆ ಕಲ್ಲು ನೆಡುತ್ತಾನೆ. ಅಲ್ಲಿ ಗೂಟ, ಇಲ್ಲಿ ಕಲ್ಲು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ ಹೇಳಿ.

ಇನ್ನೂ ಮಜಾ ಇದೆ. ಕನ್ನಡದಲ್ಲಿ ಹದ್ದೂ ಎರಡು. ಇನ್ನೊಂದು ಆಕಾಶದಲ್ಲಿ ಸುತ್ತುವ ಹಕ್ಕಿ. ಎರಡಕ್ಕೂ ನಂಟಿಲ್ಲ. ನಾಳೆ ಯಾರಾದರೂ ನಮ್ಮ 'ಹದ್ದು ಮೀರಿದ ಮಾತು' ಎನ್ನುವುದನ್ನು ಇಂಗ್ಲಿಷಿಗೆ ಹಾಕುವಾಗ 'ಹಕ್ಕಿಗಿಂತ ಮೇಲೆ ಹಾರಿದ ಮಾತು' ಎಂದು ಬರೆದರೆ ನಾವು ನಗುತ್ತೇವೋ ಇಲ್ಲವೋ? ಗುರುವಾರ ನಿಮ್ಮ ಪುಟದಲ್ಲಿ ಆಗಿದ್ದು ಅದೇ, ತಿರುಗುಮುರುಗಾಗಿ.

ಇನ್ನು ಎರಡನೆಯ ವಿಷಯ, ಬಣ್ಣದ ಪೇಲ್. ಲಾಲ್‌ಬಾಗಿನಲ್ಲಿ ಬೆಳಗ್ಗೆ ನನ್ನ ಜೊತೆ ನಡೆಯುವ ಸ್ನೇಹಿತರೊಬ್ಬರಿದ್ದಾರೆ, ಹೆಸರು ಬೇಡ. ಜಗತ್ತಿನ ಎಲ್ಲ ಪದಗಳೂ ಕನ್ನಡದಿಂದಲೇ ಹೋದವು ಎನ್ನುವುದು ಅವರ ನಂಬಿಕೆ, ವಾಟ್ಸಾಪಿನಲ್ಲಿ ದಿನಕ್ಕೊಂದು ಸಾಕ್ಷಿ ಕಳಿಸುತ್ತಾರೆ. ನಿಮ್ಮ ಸುದ್ದಿಯನ್ನು ತೋರಿಸಿದ್ದೇ ತಡ, 'ತಪ್ಪೇನಿದೆ ಸ್ವಾಮಿ, ಇಂಗ್ಲಿಷಿನವರ ಪೇಲ್ ಬಂದಿದ್ದೇ ನಮ್ಮ ಪೇಲವದಿಂದ' ಅಂದರು. ಬಂಡೆಯ ಮೇಲಿನ ಗೋಪುರ ಬರುವಷ್ಟರಲ್ಲಿ ಇನ್ನೊಂದನ್ನೂ ತೆಗೆದರು: ಹಳಗನ್ನಡದಲ್ಲಿ ಹಾಲಿಗೆ 'ಪಾಲ್' ಎನ್ನುತ್ತಿದ್ದರು, ಹಾಲು ಬಿಳಿ, ಫ್ರೆಂಚಿನವರು ಬಿಳಿಚಿದ್ದಕ್ಕೆ 'ಪಾಲ್' ಅನ್ನುತ್ತಾರೆ, ಇನ್ನೇನು ಬೇಕು?

ಕೇಳಲು ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ. ನಾನೂ ಎರಡು ನಿಮಿಷ ಮರುಳಾದೆ. ಆದರೆ ಸದ್ದು ಒಂದೇ ಇದ್ದ ಮಾತ್ರಕ್ಕೆ ನೆಂಟರಾಗುವ ಹಾಗಿದ್ದರೆ ಹದ್ದೂ ಹದ್ದೂ ಅಣ್ಣತಮ್ಮಂದಿರಾಗಬೇಕಿತ್ತಲ್ಲ. ಪೇಲವ ಕನ್ನಡದ್ದೇ ಅಲ್ಲ, ಸಂಸ್ಕೃತದಿಂದ ಬಂದದ್ದು. ಅಲ್ಲೂ ಅದಕ್ಕೆ ಬಿಳಿಚಿದ್ದು ಎಂಬ ಅರ್ಥವಿಲ್ಲ. ಕೋಮಲ, ನಾಜೂಕು, ಮೃದು ಎಂದು ಅರ್ಥ. ಕಾಳಿದಾಸನ ಕುಮಾರಸಂಭವದ 5ನೇ ಸರ್ಗದಲ್ಲಿ ಪಾರ್ವತಿ ತಪಸ್ಸಿಗೆ ಹೊರಟಾಗ ತಾಯಿ ಮೇನೆ ತಡೆಯುತ್ತಾಳೆ. ನಿನ್ನ ಮೈಗೆಲ್ಲಿಯ ತಪಸ್ಸು ಮಗಳೇ, ಪೇಲವವಾದ ಶಿರೀಷದ ಹೂವು ದುಂಬಿಯ ಕಾಲಿನ ಭಾರ ತಾಳೀತು, ಹಕ್ಕಿಯ ಭಾರವನ್ನು ತಾಳೀತೇ ಎನ್ನುತ್ತಾಳೆ. ಶಿರೀಷ ಅಂದರೆ ನಮ್ಮ ಬಾಗೆ ಮರ. ಅದರ ಹೂವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದವರಿಗೆ ಗೊತ್ತು, ಅದು ದಳವೇ ಇಲ್ಲದ ಹಾಗೆ ಬರೀ ರೇಷ್ಮೆ ಎಳೆಗಳ ಕುಚ್ಚು, ಉಸಿರು ತಾಗಿದರೂ ಅಲುಗುತ್ತದೆ. ಆ ನಾಜೂಕೇ ಪೇಲವ.

ಅಷ್ಟು ಮುದ್ದಾದ ಪದ ಕನ್ನಡಕ್ಕೆ ಬಂದು ಏನಾಯಿತು ನೋಡಿ. ನಾಜೂಕಿನದು ಬಲವಿಲ್ಲದ್ದಾಯಿತು, ಬಲವಿಲ್ಲದ್ದು ಸತ್ವವಿಲ್ಲದ್ದಾಯಿತು, ಕಳೆಯಿಲ್ಲದ್ದಾಯಿತು. ಪೇಲವ ನಗೆ, ಪೇಲವ ಮುಖ, ಪೇಲವ ಪ್ರದರ್ಶನ. ನಮ್ಮ ತಂಡ 120 ರನ್ನಿಗೆ ಆಲೌಟಾದ ಮಾರನೆಯ ದಿನ ನಿಮ್ಮ ಕ್ರೀಡಾಪುಟದಲ್ಲಿ ಈ ಪದ ಇಲ್ಲದೆ ಶೀರ್ಷಿಕೆಯೇ ಆಗುವುದಿಲ್ಲ. ಹೀಗೆ ಜಾರಿ ಜಾರಿ ಅದು ಇಂಗ್ಲಿಷಿನ ಪೇಲ್ ಇರುವ ಜಾಗಕ್ಕೇ ಬಂದು ನಿಂತಿದೆ, ಸದ್ದೂ ಹೊಂದಿಕೊಂಡಿದೆ. ಇಬ್ಬರು ಅಪರಿಚಿತರು ಒಂದೇ ಬಣ್ಣದ ಶರ್ಟು ತೊಟ್ಟು ಒಂದೇ ಬಸ್ ಸ್ಟಾಪಿನಲ್ಲಿ ನಿಂತ ಹಾಗೆ, ಅಷ್ಟೇ.

ಹಾಲಿನ ಕಥೆಯೂ ಹಾಗೆಯೇ. ಕನ್ನಡದ ಪಾಲ್ ಆಮೇಲೆ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಪ ಹೋಗಿ ಹ ಬಂದಿತು. ಇದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಇಂಗ್ಲಿಷಿನ ಅಜ್ಜಿಯ ಭಾಷೆಯಲ್ಲೂ ಇಂಥದ್ದೇ ಆಗಿದೆ, ಅಲ್ಲಿ ಪ ಹೋಗಿ ಫ ಬಂದಿತು. ಸಂಸ್ಕೃತದ ಪಿತೃ ಅಲ್ಲಿ ಫಾದರ್, ಪಾದ ಅಲ್ಲಿ ಫುಟ್, ಪಂಚ ಅಲ್ಲಿ ಫೈವ್. ಅದೇ ಲೆಕ್ಕದಲ್ಲಿ ಪೇಲ್ ಪದಕ್ಕೂ ಇಂಗ್ಲಿಷಿನಲ್ಲೇ ಒಂದು 'ಫ' ರೂಪದ ದಾಯಾದಿ ಇದೆ, 'ಫ್ಯಾಲೋ'. ಮಾಸಲು ಕಂದು ಬಣ್ಣ ಎಂದು ಅರ್ಥ. ಆ ಬಣ್ಣದ ಒಂದು ಜಾತಿಯ ಜಿಂಕೆಗೆ ಈಗಲೂ 'ಫ್ಯಾಲೋ ಡೀರ್' ಎಂದು ಹೆಸರು. ಬೀಳು ಬಿಟ್ಟ ಹೊಲಕ್ಕೂ ಫ್ಯಾಲೋ ಅನ್ನುತ್ತಾರೆ, ಆದರೆ ಅದು ಮತ್ತೆ ಬೇರೆಯೇ ಪದ. ಇಂಗ್ಲಿಷಿನವರ ಮನೆಯಲ್ಲಿ ಅವಳಿಜವಳಿ ಜಾಸ್ತಿ ಕಾಣುತ್ತದೆ.

ಹಾಗಾದರೆ ಪೇಲ್‌ಗೆ ನಮ್ಮ ಕಡೆ ನಿಜವಾದ ನೆಂಟರೇ ಇಲ್ಲವೇ? ಇದ್ದಾರೆ. ಸ್ನೇಹಿತರು ಹುಡುಕಿದ ಜಾಗದಲ್ಲಿಲ್ಲ ಅಷ್ಟೇ. ಸಂಸ್ಕೃತದ 'ಪಲಿತ'. ನರೆತ ಕೂದಲು, ನರೆತ ತಲೆ. ಭಜಗೋವಿಂದಂ ಕೇಳಿದವರಿಗೆಲ್ಲ 'ಪಲಿತಂ ಮುಂಡಂ' ಎಂಬ ಮಾತು ಕಿವಿಯಲ್ಲಿ ಇರುತ್ತದೆ. ಗ್ರೀಕಿನಲ್ಲಿ ನರೆತದ್ದಕ್ಕೆ 'ಪೊಲಿಯೋಸ್'. ಲ್ಯಾಟಿನ್ನಿನ ಪಾಲ್ಲಿಡುಸ್, ಗ್ರೀಕಿನ ಪೊಲಿಯೋಸ್, ಸಂಸ್ಕೃತದ ಪಲಿತ ಎಲ್ಲ ಒಂದೇ ಬೇರಿನವು. ಅಂದರೆ ಪೇಲ್‌ನ ಮೂಲದಲ್ಲಿ ಇರುವುದು ಬಿಳುಪಲ್ಲ, ಬೂದು. ಬಣ್ಣ ಇಳಿದುಹೋದದ್ದು.

ಗೂಟದ ಪೇಲ್‌ಗೂ ನೆಂಟರಿದ್ದಾರೆ ಎಂದರೆ ನಂಬುತ್ತೀರಾ? ಅದರ ಬೇರಿಗೆ ಕಟ್ಟು, ಬಿಗಿ, ನಾಟು ಎಂದು ಅರ್ಥ. ಅದೇ ಬೇರಿನಿಂದ ಸಂಸ್ಕೃತದಲ್ಲಿ 'ಪಾಶ' ಬಂದಿದೆ. ಯಮಪಾಶದ ಪಾಶ. ಹೀಗೆ ಇಂಗ್ಲಿಷಿನ ಒಂದು ಪೇಲ್ ನಮ್ಮ ಪಲಿತದ ಕಡೆಯವನು, ಇನ್ನೊಂದು ಪೇಲ್ ನಮ್ಮ ಪಾಶದ ಕಡೆಯವನು. ಮಧ್ಯದಲ್ಲಿರುವ ಪೇಲವಕ್ಕೆ ಇಬ್ಬರೂ ಸಂಬಂಧಿಕರಲ್ಲ. ಇದನ್ನು ಸ್ನೇಹಿತರಿಗೆ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನರೆ ಅನ್ನೋದಾದರೂ ಕನ್ನಡದ್ದು ತಾನೆ?' ಅಂದರು. ಹೌದು, ಅದು ಅಚ್ಚ ನಮ್ಮದು. 'ನೆರೆ ಕೆನ್ನೆಗೆ, ತೆರೆ ಗಲ್ಲಕೆ' ಎಂದು ಬಸವಣ್ಣನವರು ಹೇಳಿದ ನೆರೆಯೂ ಇದೇ ನರೆ. ಆದರೆ ಅಲ್ಲೂ ಹುಷಾರಾಗಿರಬೇಕು. ನೆರೆ ಅಂದರೆ ಪ್ರವಾಹವೂ ಹೌದು, ಪಕ್ಕದ ಮನೆಯೂ ಹೌದು. ಆಗಸ್ಟ್ ತಿಂಗಳಲ್ಲಿ 'ನೆರೆ ಪರಿಹಾರ ಬಿಡುಗಡೆ' ಎಂಬ ಸುದ್ದಿ ಆ ಯಂತ್ರದ ಕೈಗೆ ಸಿಕ್ಕಿದರೆ, ಸರ್ಕಾರ ಬಿಳಿಕೂದಲಿಗೆ ಬಣ್ಣ ಹಂಚಿತು ಎಂದಾದೀತು.

ಈ ಪೇಲ್ ನನ್ನನ್ನು ಹಿಂಬಾಲಿಸುವುದು ಬರೀ ಪತ್ರಿಕೆಯಲ್ಲಲ್ಲ. ಹೋದ ತಿಂಗಳು ಮೊಮ್ಮಗಳನ್ನು ಜಯನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಒಂಬತ್ತನೇ ಕ್ಲಾಸು, ಮೆಟ್ಟಿಲು ಹತ್ತಿದರೆ ಏದುಸಿರು, ಯಾವಾಗಲೂ ಸುಸ್ತು. ಡಾಕ್ಟರಮ್ಮ ನಾಡಿ ನೋಡಿದರು, ನಾಲಿಗೆ ಚಾಚಿಸಿದರು, ಆಮೇಲೆ ಹೆಬ್ಬೆರಳಿನಿಂದ ಹುಡುಗಿಯ ಕೆಳರೆಪ್ಪೆಯನ್ನು ಮೆಲ್ಲಗೆ ಕೆಳಗೆ ಎಳೆದರು. ಒಳಗಡೆ ಕೆಂಪಗೆ, ದಾಸವಾಳದ ಹಾಗೆ ಇರಬೇಕಾದದ್ದು ಹಳೆಯ ಗುಲಾಬಿ ಕಾಗದದ ಹಾಗೆ ಇತ್ತು. 'ಪಾಲರ್ ಇದೆ' ಎಂದು ಚೀಟಿಯಲ್ಲಿ ಬರೆದರು. ನನ್ನ ಕಿವಿ ನೆಟ್ಟಗಾಯಿತು. ಪಾಲರ್ ಎಂದರೆ ಇದೇ ಪೇಲ್‌ನ ಲ್ಯಾಟಿನ್ ರೂಪ, ಬಿಳಿಚಿಕೊಂಡಿರುವುದು. ಮುಖ ನೋಡಿದರೆ ಗೊತ್ತಾಗುವುದಿಲ್ಲವಾ ಎಂದು ಕೇಳಿದೆ. ನಮ್ಮವರ ಚರ್ಮದ ಬಣ್ಣದಲ್ಲಿ ಅದು ಮುಚ್ಚಿಹೋಗುತ್ತದೆ, ರೆಪ್ಪೆಯ ಒಳಗೆ, ನಾಲಿಗೆಯಲ್ಲಿ, ಉಗುರಿನ ಬುಡದಲ್ಲಿ ಮುಚ್ಚುಮರೆ ಇಲ್ಲ, ರಕ್ತದ ಬಣ್ಣವೇ ನೇರವಾಗಿ ಕಾಣುತ್ತದೆ ಅಂದರು. ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9 ಬಂದಿತು, ಕನಿಷ್ಠ 12 ಇರಬೇಕಿತ್ತಂತೆ. ಈಗ ಕಬ್ಬಿಣದ ಮಾತ್ರೆ, ನುಗ್ಗೆಸೊಪ್ಪು, ಜೊತೆಗೆ ನನ್ನ ಭಾಷಣ.

ಭಾಷಣ ಏನೆಂದರೆ, ಈ ಕಾಯಿಲೆಗೆ ಆಯುರ್ವೇದದಲ್ಲಿ ಪಾಂಡುರೋಗ ಎಂದು ಹೆಸರು. ಪಾಂಡು ಅಂದರೆ ಬಿಳಿಚಿದ ಬಣ್ಣದವನು. ವ್ಯಾಸರ ಉಗ್ರರೂಪ ಕಂಡು ಅಂಬಿಕೆ ಕಣ್ಣು ಮುಚ್ಚಿದಳು, ಮಗ ಕುರುಡನಾಗಿ ಹುಟ್ಟಿದ. ಅಂಬಾಲಿಕೆ ಹೆದರಿ ಬಿಳಿಚಿಕೊಂಡಳು, ಮಗ ಬಿಳಿಚಿದ ಮೈಯವನಾಗಿ ಹುಟ್ಟಿದ, ಅವನೇ ಪಾಂಡು. ಅಂದರೆ ಪಾಂಡವರು ಎಂಬ ಹೆಸರಿನ ಬುಡದಲ್ಲಿ ಇರುವುದು ಒಬ್ಬ ಹೆಂಗಸಿನ ಹೆದರಿದ ಮುಖ. ಇಂಗ್ಲಿಷಿನ 'ಅಪಾಲಿಂಗ್' ಕೂಡ ಹೀಗೇ ಹುಟ್ಟಿದ್ದು, ನೋಡಿದವರ ಮುಖ ಬಿಳಿಚುವಂತೆ ಮಾಡುವುದು ಎಂದು. ಮೊಮ್ಮಗಳು ಪೂರ್ತಿ ಕೇಳಿಸಿಕೊಂಡು, 'ತಾತ, ಮಾತ್ರೆ ನುಂಗಿದರೆ ಕಥೆ ನಿಲ್ಲಿಸ್ತೀಯಾ?' ಅಂದಳು.

ಇನ್ನೊಂದು ಕಡೆ ಪೇಲ್ ಎದುರಾದದ್ದನ್ನು ಹೇಳಲು ಸ್ವಲ್ಪ ಸಂಕೋಚ. ತಂಗಿಯ ಮಗ ಇಂದಿರಾನಗರದ ಒಂದು ಬಿಯರ್ ಮಾಡುವ ಹೋಟೆಲಿಗೆ ಕರೆದುಕೊಂಡು ಹೋಗಿದ್ದ. ನಾನು ನಿಂಬೆಹಣ್ಣಿನ ಸೋಡಾ ಕುಡಿದೆ, ನಂಬಿ. ಅವನ ಗ್ಲಾಸಿನಲ್ಲಿ ಇದ್ದದ್ದು ಇಂಡಿಯಾ ಪೇಲ್ ಏಲ್. ಬಣ್ಣ ನೋಡಿದರೆ ಜೋನಿಬೆಲ್ಲ! ಇದಕ್ಕೆ ಪೇಲ್ ಎಂದು ಯಾವ ಪುಣ್ಯಾತ್ಮ ಹೆಸರಿಟ್ಟ ಎಂದೆ. ಕಾರಣ ಇದೆ. ಹಿಂದೆ ಇಂಗ್ಲೆಂಡಿನಲ್ಲಿ ಬಾರ್ಲಿಯ ಮೊಳಕೆಯನ್ನು ಸೌದೆ, ಹುಲ್ಲಿನ ಬೆಂಕಿಯಲ್ಲಿ ಒಣಗಿಸುತ್ತಿದ್ದರು. ಹೊಗೆ ಹಿಡಿದು, ಸೀದು ಅದು ಕಂದಾಗುತ್ತಿತ್ತು, ಬಿಯರೂ ಕಪ್ಪಗಾಗುತ್ತಿತ್ತು. 17ನೇ ಶತಮಾನದಲ್ಲಿ ಕಲ್ಲಿದ್ದಲಿನಿಂದ ಮಾಡಿದ ಕೋಕ್ ಬಳಸಲು ಶುರು ಮಾಡಿದರು. ಹೊಗೆ ಕಡಿಮೆ, ಶಾಖ ಹದ. ಬಿಯರಿನ ಬಣ್ಣ ತಿಳಿಯಾಯಿತು. ಆ ಕಪ್ಪು ಬಿಯರಿನ ಪಕ್ಕ ಇಟ್ಟರೆ ಇದು ಪೇಲ್. ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನರ ಕಾರ್ಖಾನೆಯಿಂದ ಇಂಥ ಬಿಯರು ಹಡಗು ಹತ್ತಿ, ಆಫ್ರಿಕಾ ಸುತ್ತಿಕೊಂಡು, ತಿಂಗಳುಗಟ್ಟಲೆ ತೇಲಿ ಇಲ್ಲಿನ ಬ್ರಿಟಿಷರಿಗೆ ಬರುತ್ತಿತ್ತು. ದಾರಿಯಲ್ಲಿ ಕೆಡದಿರಲಿ ಎಂದು ಹಾಪ್ಸ್ ಎಂಬ ಕಹಿ ಹೂವನ್ನು ಜಾಸ್ತಿ ಹಾಕುತ್ತಿದ್ದರು. 1820ರ ದಶಕದಲ್ಲಿ ಬರ್ಟನ್ ಊರಿನವರು ಪೈಪೋಟಿಗೆ ಇಳಿದರು. ಹೆಸರಿನಲ್ಲಿ ಇಂಡಿಯಾ ಸೇರಿದ್ದು ಹಾಗೆ. ಈಗ ಅದೇ ಹೆಸರು, ದಂಡು ಇದ್ದ ಹಲಸೂರಿನ ಪಕ್ಕದಲ್ಲೇ, ಕನ್ನಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಕೂತಿದೆ. ಇದನ್ನೂ 'ಭಾರತೀಯ ಪೇಲವ ಮದ್ಯ' ಎಂದು ಮಾಡದಿದ್ದದ್ದು ಆ ಹೋಟೆಲಿನವರ ದೊಡ್ಡತನ.

ನೋಡಿ, ಬಣ್ಣದ ಪೇಲ್ ಕೂಡ ಎಲ್ಲ ಕಡೆ ಪೇಲವ ಆಗುವುದಿಲ್ಲ. ಬಿಯರಿಗೆ, ಸೀರೆಗೆ, ಗೋಡೆಗೆ ಅದು ತಿಳಿ. ತಿಳಿನೀಲಿ, ತಿಳಿಹಸಿರು. ಇಂಗ್ಲಿಷಿನವರ ಪೇಲ್‌ನಲ್ಲಿ ಏನೋ ಕಳೆದುಹೋದ ಬೇಸರ ಇದೆ. ನಮ್ಮ ತಿಳಿಯಲ್ಲಿ ಅದಿಲ್ಲ. ತಿಳಿ ಅಂದರೆ ಕದಡು ಇಲ್ಲದ್ದು, ಅದೇ ಪದದಿಂದಲೇ ತಿಳಿವಳಿಕೆ. ತಿಳಿನೀರು, ತಿಳಿಸಾರು, ತಿಳಿಯಾದ ಮನಸ್ಸು. ಮುಖಕ್ಕೆ ಬಿಳಿಚಿದ, ಕಳೆಗುಂದಿದ. ಬೆಳಕಿಗೆ ಮಂಕು. ತೊಳೆದು ತೊಳೆದು ಬಣ್ಣ ಹೋದ ಬಟ್ಟೆಗೆ ಮಾಸಲು. ಇನ್ನೊಂದರ ಮುಂದೆ ಏನೂ ಅಲ್ಲ ಎನ್ನುವಾಗ ಸಪ್ಪೆ. ಒಬ್ಬ ಇಂಗ್ಲಿಷಿನವನಿಗೆ ನಾವು ಐದಾರು ಜನರನ್ನು ಎದುರು ನಿಲ್ಲಿಸಬಹುದು. ಹಾಗಿರುವಾಗ ಎಲ್ಲ ಕಡೆಗೂ ಪೇಲವವನ್ನೇ ಓಡಾಡಿಸಿ ಅದನ್ನೇಕೆ ಸುಸ್ತು ಮಾಡಬೇಕು?

ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ಇದ್ದಾಗ ಇಂಥ ಪ್ರಶ್ನೆಗಳನ್ನು ಒಂದು ಕಾರ್ಡಿನಲ್ಲಿ ಬರೆದು ಹಾಕಿದರೆ ಆಗುತ್ತಿತ್ತು, ಪತ್ರಿಕೆಯ ಅಂಕಣದಲ್ಲಿ ಓದುಗರ ಪದದ ಗೊಂದಲಗಳನ್ನು ಬೇಸರವಿಲ್ಲದೆ ಬಿಡಿಸುತ್ತಿದ್ದರು. 2021ರಲ್ಲಿ, 107ರ ವಯಸ್ಸಿನಲ್ಲಿ ಹೋದರು. ಈಗ ಕಾರ್ಡನ್ನು ಯಾರಿಗೆ ಹಾಕುವುದು ಎಂದು ಗೊತ್ತಿಲ್ಲದೆ ನಿಮಗೇ ಹಾಕುತ್ತಿದ್ದೇನೆ. ಯಂತ್ರದಿಂದ ಅನುವಾದ ಮಾಡಿಸಿದರೆ ನನ್ನ ತಕರಾರಿಲ್ಲ, ಕೆಲಸ ಬೇಗ ಆಗುತ್ತದೆ, ರಾತ್ರಿ ಪಾಳಿಯ ಕಷ್ಟ ನನಗೂ ಗೊತ್ತು. ಆದರೆ ಪುಟ ಹೋಗುವ ಮುಂಚೆ ಅದನ್ನು ಜೋರಾಗಿ ಓದುವ ಒಬ್ಬ ಮನುಷ್ಯ ಇರಲಿ. 'ಪೇಲವವನ್ನೂ ಮೀರಿದ್ದು' ಎನ್ನುವುದನ್ನು ಬಾಯಿಬಿಟ್ಟು ಓದಿದ ಯಾವ ಕನ್ನಡಿಗನೂ ಹಾಗೇ ಬಿಡುತ್ತಿರಲಿಲ್ಲ.

ತಿದ್ದುಪಡಿ ಹಾಕುವುದಾದರೆ ಒಂದೇ ಸಾಲು ಸಾಕು: ಗುರುವಾರದ ಸಂಚಿಕೆಯ ವಿದೇಶ ಪುಟದಲ್ಲಿ 'ಪೇಲವವನ್ನೂ ಮೀರಿದ್ದು' ಎಂಬಲ್ಲಿ 'ಹದ್ದು ಮೀರಿದ್ದು' ಎಂದು ಓದಿಕೊಳ್ಳಬೇಕು. ಪಕ್ಕದಲ್ಲಿ ಹಕ್ಕಿಯ ಚಿತ್ರ ಹಾಕಬೇಡಿ.

ಇಂತಿ,
ನಿಮ್ಮ ಹಳೆಯ ಓದುಗ,
ಬಸವನಗುಡಿ, ಬೆಂಗಳೂರು